20 ಪುಟದ ಪಂದ್ಯ, ಉಳಿದದ್ದೆಲ್ಲ ತಯಾರಿ

ಲೊಯಿಕ್ ವಕಾಂ ಅವರ ‘ಬಾಡಿ ಅಂಡ್ ಸೋಲ್’ ಹೊಸಬನೊಬ್ಬ ತನ್ನ ಮೊದಲ ಹವ್ಯಾಸಿ ಬಾಕ್ಸಿಂಗ್ ಪಂದ್ಯಕ್ಕೆ ಅಣಿಯಾಗುವ ಪುಸ್ತಕ. 250ಕ್ಕೂ ಹೆಚ್ಚು ಪುಟಗಳಲ್ಲಿ ಆ ಪಂದ್ಯದ ಭಾಗಕ್ಕೆ ಸಿಕ್ಕಿರುವುದು ಕೊನೆಯ ಸುಮಾರು 20 ಪುಟ ಮಾತ್ರ. ಸಿನಿಮಾಗಳಲ್ಲಿ ತಯಾರಿ ಒಂದು ಹಾಡಿನೊಳಗೆ ಮುಗಿದುಹೋಗುತ್ತದೆ. ಓಟ, ಸ್ಕಿಪ್ಪಿಂಗ್, ಬೆವರು, ಆಮೇಲೆ ರಿಂಗು. ವಕಾಂ ಈ ಲೆಕ್ಕವನ್ನು ತಿರುವು ಮುರುವು ಮಾಡಿದ್ದಾರೆ. ಪುಸ್ತಕದ ದೊಡ್ಡ ಗುಣ ಇದೇ ಎಂದು ನಾನು ನಂಬಿದ್ದೇನೆ. ಅದರ ದೊಡ್ಡ ಕೊರತೆಯೂ ಇದೇ ಜಾಗದಲ್ಲಿದೆ.

ವಕಾಂ ಫ್ರಾನ್ಸಿನವರು, ಸಮಾಜಶಾಸ್ತ್ರಜ್ಞ ಪಿಯರ್ ಬೋರ್ದ್ಯು ಅವರ ಶಿಷ್ಯ. ಸಂಶೋಧನೆಗೆಂದು ಚಿಕಾಗೋ ವಿಶ್ವವಿದ್ಯಾಲಯಕ್ಕೆ ಬಂದವರು 1988ರ ಆಗಸ್ಟಿನಲ್ಲಿ, ವಿಶ್ವವಿದ್ಯಾಲಯದ ಮಗ್ಗುಲಲ್ಲೇ ಇದ್ದ ವುಡ್‌ಲಾನ್ ಎಂಬ ಕಪ್ಪು ಜನರ ಬಡ ಬಡಾವಣೆಯ ಬಾಕ್ಸಿಂಗ್ ಜಿಮ್ಮಿಗೆ ಸೇರಿಕೊಂಡರು. ಬಡಾವಣೆಯ ಬದುಕನ್ನು ಹತ್ತಿರದಿಂದ ನೋಡಲು ಒಂದು ಕಿಟಕಿ ಬೇಕಿತ್ತು, ಅಷ್ಟೇ. ಬಾಕ್ಸಿಂಗ್ ಬಗ್ಗೆ ಬರೆಯುವ ಯೋಚನೆ ಇರಲಿಲ್ಲ. ಆದರೆ ಮೂರು ವರ್ಷ ಅಲ್ಲೇ ಉಳಿದರು. ದಿನದ ಅಭ್ಯಾಸ ಮುಗಿಸಿ ಬಂದು ದಿನಚರಿ ಬರೆದರು. ಓದು-ಬರಹವನ್ನು ಬಿಟ್ಟು ವೃತ್ತಿಪರ ಬಾಕ್ಸರ್ ಆಗಿಬಿಡಲೇ ಎಂದು ಯೋಚಿಸುವಷ್ಟು ಅದರೊಳಗೆ ಇಳಿದರು. 1990ರಲ್ಲಿ ಚಿಕಾಗೋ ಗೋಲ್ಡನ್ ಗ್ಲವ್ಸ್ ಪಂದ್ಯಾವಳಿಯ ರಿಂಗಿಗೆ ಹತ್ತಿ, ಅಂಕಗಳ ಮೇಲೆ ಸೋತರು. ಹೆವಿವೇಟ್ ಚಾಂಪಿಯನ್ ಆಗುವ ಮುನ್ನ ಜೋ ಲೂಯಿಸ್ ಹವ್ಯಾಸಿಯಾಗಿ ಗೆದ್ದ ಪಂದ್ಯಾವಳಿ ಅದು. ಪುಸ್ತಕ ಫ್ರೆಂಚ್‌ನಲ್ಲಿ 2000ದಲ್ಲೂ ಇಂಗ್ಲಿಷ್‌ನಲ್ಲಿ 2004ರಲ್ಲೂ ಬಂತು.

ಇಲ್ಲಿನ ಜೀವ ಕೋಚ್ ಡೀಡೀ ಆರ್ಮರ್. ವಯಸ್ಸಾದ ಈ ಮನುಷ್ಯ ಹೆಚ್ಚು ಮಾತಾಡುವುದಿಲ್ಲ. ಕುರ್ಚಿಯಲ್ಲಿ ಕೂತು ನೋಡುತ್ತಾರೆ, ಬೇಕಾದಾಗ ಒಂದು ಮಾತು ಎಸೆಯುತ್ತಾರೆ. ಹೊಸಬ ಬಾಕ್ಸಿಂಗ್ ಕೈಪಿಡಿಯೊಂದನ್ನು ಹಿಡಿದುಕೊಂಡದ್ದು ಕಂಡರೆ ಅವರಿಗೆ ಸಿಟ್ಟು. ಪುಸ್ತಕ ಓದಿ ಯಾರೂ ಬಾಕ್ಸಿಂಗ್ ಕಲಿಯುವುದಿಲ್ಲ ಎಂಬುದು ಅವರ ಖಚಿತ ನಿಲುವು. ಹಾಗಾದರೆ ಕಲಿಸುವವರು ಯಾರು? ಪಕ್ಕದಲ್ಲಿ ಬ್ಯಾಗಿಗೆ ಗುದ್ದುತ್ತಿರುವವನು, ಕನ್ನಡಿಯ ಮುಂದೆ ಷ್ಯಾಡೋ ಬಾಕ್ಸಿಂಗ್ ಮಾಡುತ್ತಿರುವವನು, ನಿನ್ನೆ ಪೆಟ್ಟು ತಿಂದು ಇವತ್ತು ಮತ್ತೆ ಬಂದವನು. ಒಂದೇ ಗಂಟೆಯ ಸದ್ದಿಗೆ ಎಲ್ಲರ ಕೈಯೂ ಏಳುತ್ತದೆ, ಎಲ್ಲರ ಕೈಯೂ ಇಳಿಯುತ್ತದೆ. ಪಟ್ಟನ್ನು ಬಾಯಲ್ಲಿ ವಿವರಿಸದೆ ಮೈಗೆ ಹತ್ತಿಸುವ ನಮ್ಮ ಗರಡಿಯ ಉಸ್ತಾದರನ್ನು ಕಂಡವರಿಗೆ ಡೀಡೀ ಅಪರಿಚಿತರಾಗಿ ಕಾಣಲಾರರು.

ಸ್ಪಾರಿಂಗ್, ಅಂದರೆ ರಿಂಗಿನಲ್ಲಿ ಜೊತೆಗಾರನೊಂದಿಗೆ ನಡೆಯುವ ಅಭ್ಯಾಸದ ಕಾದಾಟ, ಕುರಿತ ಪುಟಗಳನ್ನು ನಾನು ಎಲ್ಲಕ್ಕಿಂತ ಮೇಲಿಡುತ್ತೇನೆ. ಹೊರಗಿನಿಂದ ನೋಡಿದರೆ ಇಬ್ಬರು ಹೊಡೆದಾಡುತ್ತಿದ್ದಾರೆ. ಒಳಗೆ ನಡೆಯುತ್ತಿರುವುದು ತುಂಬ ಸೂಕ್ಷ್ಮವಾದ ಒಪ್ಪಂದ. ಯಾರ ಎದುರು ಯಾರು ನಿಲ್ಲಬೇಕೆಂಬುದನ್ನು ಕೋಚ್ ಅಳೆದು ತೂಗಿ ಹೇಳುತ್ತಾರೆ. ಬಲವಾದವನು ತನ್ನ ಬಲವನ್ನು ತಡೆಹಿಡಿಯುತ್ತಾನೆ, ಆದರೆ ಹೊಸಬನಿಗೆ ಏನೂ ಕಲಿಯಲಾಗದಷ್ಟು ತಡೆಹಿಡಿಯುವುದಿಲ್ಲ. ಹೊಸಬ ಅತಿಯಾಗಿ ಉಬ್ಬಿದರೆ ಒಂದು ಗಟ್ಟಿ ಜಾಬ್ ಬಂದು ಮೂಗಿಗೆ ತಾಗುತ್ತದೆ. ಅದರಲ್ಲಿ ಹಗೆಯಿಲ್ಲ, ಎಚ್ಚರಿಕೆಯಿದೆ. ಮೊದಲ ದಿನಗಳಲ್ಲಿ ಪೆಟ್ಟು ಬರುವಾಗ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ, ಕೈಗಳು ಕೆಳಗೆ ಬೀಳುತ್ತವೆ, ಸಿಟ್ಟು ಬರುತ್ತದೆ. ತಿಂಗಳುಗಳು ಕಳೆದ ಮೇಲೆ ಎದುರಿನವನ ಭುಜ ಅಲುಗಿದ್ದರಲ್ಲೇ ಬರಲಿರುವ ಪೆಟ್ಟು ಕಾಣುತ್ತದೆ. ತಯಾರಿ ಎಂದರೆ ಸ್ನಾಯು ಬೆಳೆಸುವುದಕ್ಕಿಂತ ಮೊದಲು ಕಣ್ಣನ್ನೂ ಕೋಪವನ್ನೂ ಪಳಗಿಸುವುದು ಎಂಬುದನ್ನು ಇಷ್ಟು ನಿಚ್ಚಳವಾಗಿ ಹೇಳಿದ ಬರಹವನ್ನು ನಾನು ಬೇರೆ ಕಂಡಿಲ್ಲ. ರಿಂಗಿನಲ್ಲಿ ಒಬ್ಬನೇ ನಿಲ್ಲುತ್ತಾನೆ, ನಿಜ. ಆದರೆ ಅವನ ಆ ಕಣ್ಣನ್ನು ರೂಪಿಸಲು ಹಲವರು ತಮ್ಮ ಮುಖ, ತಮ್ಮ ಪಕ್ಕೆಲುಬು ಕೊಟ್ಟಿರುತ್ತಾರೆ.

ಇಂಥ ಪುಟಗಳ ನಡುವೆ ಸಿದ್ಧಾಂತ ಬಂದು ಕೂತಾಗ ನನಗೆ ಬೇಸರವಾಗುತ್ತದೆ. ಬೋರ್ದ್ಯು ಅವರ ಹ್ಯಾಬಿಟಸ್ ಪರಿಕಲ್ಪನೆ, ಅಂದರೆ ಸಮಾಜ ನಮ್ಮ ಮೈಯಲ್ಲಿ ಬೇರೂರಿಸಿದ ಒಲವು ರೂಢಿಗಳ ಮೊತ್ತ, ಈ ಜಿಮ್ಮಿಗೆ ಸೊಗಸಾಗಿ ಹೊಂದುತ್ತದೆ. ಹೊಂದುವುದರಿಂದಲೇ ಅದನ್ನು ಮತ್ತೆ ಮತ್ತೆ ಹೇಳುವ ಅಗತ್ಯ ಇರಲಿಲ್ಲ. ದಿನಚರಿ ಆಗಲೇ ತೋರಿಸಿದ್ದನ್ನು ವಿಶ್ಲೇಷಣೆ ಉದ್ದುದ್ದ ವಾಕ್ಯಗಳಲ್ಲಿ ಪುನಃ ಸಾಧಿಸಲು ಹೊರಡುತ್ತದೆ. ಆದರೂ ಒಂದು ಮಾತನ್ನು ಮೆಚ್ಚಲೇಬೇಕು. ಬಾಕ್ಸರುಗಳು ಬಡವರಲ್ಲೇ ಕಡುಬಡವರು ಎಂಬ ಸಾಮಾನ್ಯ ನಂಬಿಕೆಯನ್ನು ವಕಾಂ ಮುರಿಯುತ್ತಾರೆ. ದಿನವೂ ಹೊತ್ತಿಗೆ ಸರಿಯಾಗಿ ಜಿಮ್ಮಿಗೆ ಬರಬೇಕಾದರೆ ಬದುಕಿನಲ್ಲಿ ಒಂದಿಷ್ಟು ನೆಲೆ ಬೇಕು. ಬರುವವರಲ್ಲಿ ಹೆಚ್ಚಿನವರು ದುಡಿಯುವ ಕುಟುಂಬಗಳವರೇ.

ನಡುವಿನ ಭಾಗ ನೈಟ್‌ಕ್ಲಬ್ ಒಂದರಲ್ಲಿ ನಡೆಯುವ ವೃತ್ತಿಪರ ಪಂದ್ಯದ ದಿನವೊಂದನ್ನು ಬೆಳಗಿನ ತೂಕದಿಂದ ರಾತ್ರಿಯವರೆಗೆ ಹಿಂಬಾಲಿಸುತ್ತದೆ. ಸಣ್ಣ ಕಾದಂಬರಿಯಂತೆ ಓದಿಸಿಕೊಳ್ಳುತ್ತದೆ, ಹಾಗೆಯೇ ಓದಿದರೆ ಸಾಕು. ಊಟ, ಗೆಳೆಯರ ಕೂಟ, ಕಾಮ ಈ ಮೂರನ್ನೂ ಪಂದ್ಯಕ್ಕಾಗಿ ತ್ಯಜಿಸುವ ವ್ರತದ ಬಗ್ಗೆ ವಕಾಂ ಗೌರವದಿಂದ ಬರೆಯುತ್ತಾರೆ. ಆದರೆ ಆ ವ್ರತದಲ್ಲಿ ಅಡುಗೆ ಬದಲಿಸಿದವಳು, ಕಾದು ಕೂತವಳು ಏನೆಂದುಕೊಂಡಳು ಎಂಬುದು ಪುಸ್ತಕದಲ್ಲಿ ಬಹುತೇಕ ಕೇಳಿಸುವುದೇ ಇಲ್ಲ. ಜಿಮ್ಮು ಗಂಡಸರ ಲೋಕ ಎಂದು ಹೇಳಿ ಅವರು ಮುಂದೆ ಸಾಗುತ್ತಾರೆ.

ನನ್ನ ಮುಖ್ಯ ತಕರಾರು ಇದಕ್ಕಿಂತ ಗಂಭೀರವಾದದ್ದು. ಪಂದ್ಯ ಕೆಲವೇ ನಿಮಿಷದ್ದು, ತಯಾರಿ ವರ್ಷಗಳದ್ದು ಎಂದಾದರೆ ತಲೆಗೆ ಬೀಳುವ ಪೆಟ್ಟುಗಳಲ್ಲೂ ಹೆಚ್ಚಿನ ಪಾಲು ತಯಾರಿಯದ್ದೇ. ಮತ್ತೆ ಮತ್ತೆ ಪೆಟ್ಟು ತಿಂದ ಬಾಕ್ಸರುಗಳ ಮಿದುಳು ಕೆಡುವ ಬಗ್ಗೆ ಅಮೆರಿಕದ ವೈದ್ಯ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ 1928ರಲ್ಲೇ ಬರೆದಿದ್ದರು. ವಕಾಂ ಗಾಯಗಳನ್ನು ಮರೆಮಾಚುವುದಿಲ್ಲ, ದೇಹವನ್ನು ಬಾಕ್ಸರನ ಬಂಡವಾಳ ಎಂದೇ ಕರೆದು ಅದನ್ನು ಹೇಗೆ ಜೋಪಾನ ಮಾಡುತ್ತಾರೆಂದು ವಿವರಿಸುತ್ತಾರೆ. ಆದರೆ ಮುಖದ ಮೇಲಿನ ಬಾವು ಅವರಿಗೆ ಕಂಡಷ್ಟು ತಲೆಬುರುಡೆಯ ಒಳಗಿನದು ಕಂಡಿಲ್ಲ. ಸ್ಪಾರಿಂಗನ್ನು ಅಷ್ಟು ಪ್ರೀತಿಯಿಂದ ಬಣ್ಣಿಸಿದವರು ಅದು ತೆಗೆದುಕೊಳ್ಳುವ ಬೆಲೆಯನ್ನೂ ಅಷ್ಟೇ ತಾಳ್ಮೆಯಿಂದ ಎಣಿಸಬೇಕಿತ್ತು.

ಕೊನೆಯ ಪುಟದಲ್ಲಿ, ಮುಂದಿನ ಪಂದ್ಯದ ಮಾತೆತ್ತಿದ ಶಿಷ್ಯನನ್ನು ಡೀಡೀ ತಡೆಯುತ್ತಾರೆ. ಒಂದು ಪಂದ್ಯ ಆಯಿತಲ್ಲ, ಪುಸ್ತಕ ಬರೆಯಲು ಅಷ್ಟು ಸಾಕು ಎನ್ನುವ ಅರ್ಥದಲ್ಲಿ. ಶಿಷ್ಯನ ಮೇಲಿನ ಅಕ್ಕರೆಯ ಮಾತು ಅದು. ವುಡ್‌ಲಾನಿನ ಉಳಿದ ಹುಡುಗರ ಕೈಯಲ್ಲಿ ಬರೆಯಬೇಕಾದ ಪುಸ್ತಕ ಇರಲಿಲ್ಲ, ಇನ್ನು ಸಾಕು ಎಂದು ಅವರನ್ನು ತಡೆಯಲು ಅಂಥ ನೆಪವೂ ಇರಲಿಲ್ಲ. ಈ ಅಂತರದ ಬಗ್ಗೆ ಹೆಚ್ಚು ಹೇಳದೆ ಪುಸ್ತಕ ಅಲ್ಲಿಗೇ ನಿಂತುಬಿಡುತ್ತದೆ. ಮುಂದಿನ ಮಾತು ಬೇರೆಡೆ ಇದೆ. ವಕಾಂ 2001ರಲ್ಲಿ ಪ್ರಕಟಿಸಿದ ಒಂದು ಲೇಖನದಲ್ಲಿ ಚಿಕಾಗೋದ ವೃತ್ತಿಪರ ಬಾಕ್ಸರುಗಳು ತಮ್ಮನ್ನು ಗುಲಾಮರಿಗೆ, ಮೈ ಮಾರುವವರಿಗೆ, ಕುದುರೆಗಳಿಗೆ ಹೋಲಿಸಿಕೊಂಡು ಪ್ರವರ್ತಕರ ಲಾಭದ ಬಗ್ಗೆ ಕಟುವಾಗಿ ಮಾತಾಡುತ್ತಾರೆ. 2022ರಲ್ಲಿ ಈ ಪುಸ್ತಕದ ವಿಸ್ತರಿಸಿದ ಆವೃತ್ತಿಯೂ ಬಂದಿದೆ. ಅದನ್ನು ಕೈಗೆತ್ತಿಕೊಳ್ಳುವವರು ಸ್ಪಾರಿಂಗ್ ಪುಟಗಳನ್ನು ಓದಿದ ಕೂಡಲೇ ಆ ಲೇಖನವನ್ನೂ ಹುಡುಕಿ ಓದಬೇಕು.