ಕತೆಯಲ್ಲಿ ಆಡುವ ಮಾತು ಯಾರದು?

ಸಂಭಾಷಣೆ ಹೆಚ್ಚಿದಷ್ಟೂ ಕತೆಗೆ ಜೀವ ಬರುತ್ತದೆ ಎಂಬ ನಂಬಿಕೆಯೊಂದು ನಮ್ಮ ಕತೆಗಾರರಲ್ಲಿ ಬೇರೂರಿದೆ. ಜೊತೆಗೆ ನಾಲ್ಕು ಉಪಮೆಗಳನ್ನು ಚೆಲ್ಲಿದರೆ ಅದು ಸಾಹಿತ್ಯವೂ ಆಯಿತು ಎಂಬುದು ಇನ್ನೊಂದು ನಂಬಿಕೆ. ಇವೆರಡನ್ನೂ ನಾನು ಒಪ್ಪಲಾರೆ. ಉದ್ಧರಣ ಚಿಹ್ನೆಗಳ ನಡುವೆ ಇಟ್ಟ ಮಾತ್ರಕ್ಕೆ ಮಾತು ಪಾತ್ರದ್ದಾಗುವುದಿಲ್ಲ. ಎಷ್ಟೋ ಸಲ ಬಾಯಿ ಪಾತ್ರದ್ದು, ನಾಲಗೆ ಕತೆಗಾರನದು.

ಒಂದು ಉದಾಹರಣೆಯನ್ನು ನಾನೇ ಕಟ್ಟಿ ಹೇಳುತ್ತೇನೆ. ಕೂಲಿಯ ಹೆಂಗಸೊಬ್ಬಳು ಸಾಹುಕಾರರ ಜಗಲಿಯ ಮುಂದೆ ನಿಂತು, “ನನ್ನ ಬಾಳು ಬಿರುಗಾಳಿಗೆ ಸಿಕ್ಕಿದ ಹಣತೆಯಂತಾಯಿತು ಸ್ವಾಮಿ” ಎಂದು ‘ಉಸುರುತ್ತಾಳೆ’. ಹಣತೆಯ ಉಪಮೆ ಕೆಟ್ಟದ್ದೇನಲ್ಲ. ಆದರೆ ಅದು ಅವಳದಲ್ಲ. ಅದನ್ನು ಹೊಗಳಬೇಕೆಂದು ಕತೆಗಾರನು ನಮ್ಮ ಕಡೆ ನೋಡುತ್ತಿದ್ದಾನೆ. ಅವಳು “ಒಲೆ ಹಚ್ಚಿ ಮೂರು ದಿನ ಆಯ್ತು ಬುದ್ಧಿ” ಎಂದಿದ್ದರೆ ಸಾಕಾಗಿತ್ತು. ಅಲಂಕಾರವಿಲ್ಲ, ಆದರೆ ಆರಿದ ಒಲೆ ನಮ್ಮ ಕಣ್ಣಿಗೆ ಬಿತ್ತು. ಕಾವ್ಯಕ್ಕೆ ಔಚಿತ್ಯವೇ ಪ್ರಾಣವೆಂದು 11ನೆಯ ಶತಮಾನದಲ್ಲಿ ಕಾಶ್ಮೀರದ ಕ್ಷೇಮೇಂದ್ರನು ವಾದಿಸಿದನು. ಸರಿಯಾದ ಕಡೆ ತೊಡದ ಆಭರಣ ನಗೆಪಾಟಲು ಎಂಬ ಅವನ ವಿಚಾರ ಇಂದಿನ ಸಣ್ಣಕತೆಗೂ ಸಲ್ಲುತ್ತದೆ. ‘ಉಸುರಿದಳು’, ‘ಗುಡುಗಿದನು’, ‘ತೊದಲಿದನು’ ಎಂಬ ಕ್ರಿಯಾಪದಗಳ ಸಾಲಿಗೂ ಇದೇ ಮಾತು. ಆಡಿದ ಮಾತಿನಲ್ಲಿ ಗುಡುಗಿದ್ದರೆ ‘ಎಂದನು’ ಎಂದರೆ ಸಾಕು.

ಈ ವಿಷಯದಲ್ಲಿ ನಮ್ಮ ಭಾಷೆಗೇ ಒಂದು ಸಂಪತ್ತಿದೆ. ನಾವು ಅದನ್ನು ಗಮನಿಸಿದ್ದು ಕಡಮೆ. ಶಾಲೆಯಲ್ಲಿ ಇಂಗ್ಲಿಷಿನ ಪ್ರತ್ಯಕ್ಷ ಉಕ್ತಿಯನ್ನು ಪರೋಕ್ಷ ಉಕ್ತಿಗೆ ತಿರುಗಿಸುವ ಅಭ್ಯಾಸ ಮಾಡಿದವರು, ಕನ್ನಡಕ್ಕೂ ಇವೆರಡೇ ದಾರಿ ಎಂದು ತಿಳಿದಿರುವಂತೆ ಕಾಣುತ್ತದೆ. ‘ವಡ್ಡಾರಾಧನೆ’ಯಂಥ ಹಳೆಯ ಗದ್ಯವನ್ನು ಓಲೆಗರಿಯ ಮೇಲೆ ಬರೆದವರಿಗೆ ಉದ್ಧರಣ ಚಿಹ್ನೆಯೇ ಇರಲಿಲ್ಲ. ‘ಎಂದು’ ಎಂಬ ಒಂದು ಪದವೇ ಮಾತು ಎಲ್ಲಿ ಮುಗಿಯಿತೆಂದು ತೋರಿಸುತ್ತಿತ್ತು. ಇಂದಿಗೂ ಒಂದೇ ಸಂಗತಿಯನ್ನು ನಾವು ಮೂರು ದೂರದಲ್ಲಿ ನಿಂತು ಹೇಳಬಲ್ಲೆವು. “ನಾನು ಸಾಲ ಬಿಟ್ಟೆ” ಎಂದರು ಸಾಹುಕಾರರು: ಇದು ಅವರದೇ ದನಿ. ತಾವು ಸಾಲ ಬಿಟ್ಟೆವೆಂದರು: ಇಲ್ಲಿ ಅವರ ಮಾತನ್ನು ಕತೆಗಾರನು ತನ್ನ ಕೈಯಲ್ಲಿ ಹಿಡಿದಿದ್ದಾನೆ. ಸಾಹುಕಾರರು ಸಾಲ ಬಿಟ್ಟರಂತೆ: ಇದು ಊರಿನ ಬಾಯಿ, ಇದಕ್ಕೆ ಯಾರೂ ಹೊಣೆಯಲ್ಲ. ಆ ‘ಅಂತೆ’ಯಲ್ಲಿರುವ ಸಂಶಯವನ್ನು ಒಂದು ಪುಟದ ವರ್ಣನೆಯೂ ತರಲಾರದು. ಈ ಮೂರರಲ್ಲಿ ಯಾವುದು ಎಲ್ಲಿ ಬೇಕೆಂದು ಬಲ್ಲವನೇ ಕತೆಗಾರ.

ನಮ್ಮ ಹಿರಿಯರು ಇದನ್ನು ಬಲ್ಲವರಾಗಿದ್ದರು. 19ನೆಯ ಶತಮಾನದ ಕೊನೆಯಲ್ಲಿ ಮುದ್ದಣನು ‘ರಾಮಾಶ್ವಮೇಧ’ವನ್ನು ಹೇಳುವಾಗ, ಕೇಳುವ ಮನೋರಮೆಗೆ ನಡುನಡುವೆ ಬಾಯಿ ಹಾಕುವ ಹಕ್ಕು ಕೊಟ್ಟನು. ಆಕೆಯ ಆಕ್ಷೇಪಣೆಗಳಿಂದಲೇ ಪುರಾಣದ ಕತೆ ಗಂಡಹೆಂಡಿರ ಸರಸವಾಯಿತು. ಮಾಸ್ತಿಯವರ ‘ರಂಗಪ್ಪನ ಮದುವೆ’ಯಲ್ಲಿ ಶ್ಯಾಮನು ಓದುಗರೊಡನೆ ಹರಟುತ್ತ ಕತೆ ಹೇಳುತ್ತಾನೆ. ಇಡೀ ಕತೆಯೇ ಒಬ್ಬನ ಆಡುಮಾತು.

ಇದಕ್ಕಿಂತ ಕಠಿನವಾದ ಪ್ರಶ್ನೆಯೊಂದನ್ನು 1933ರಲ್ಲಿ ಪ್ರಕಟವಾದ ಶಿವರಾಮ ಕಾರಂತರ ‘ಚೋಮನ ದುಡಿ’ ಎತ್ತುತ್ತದೆ. ಚೋಮನು ತುಳುನಾಡಿನ ಜೀತದಾಳು. ಅಂಥವನ ಮನೆಮಾತು ತುಳು. ಕಾದಂಬರಿ ಇರುವುದು ಕನ್ನಡದಲ್ಲಿ. ಹಾಗಾದರೆ ಅಲ್ಲಿಯ ಪ್ರತ್ಯಕ್ಷ ಉಕ್ತಿಯೂ ಒಂದು ಬಗೆಯ ಅನುವಾದವೇ ಆಯಿತು. ಆದರೂ ಅದು ಸುಳ್ಳೆನಿಸುವುದಿಲ್ಲ. ತನ್ನದೇ ತುಂಡು ನೆಲವನ್ನು ಉಳಬೇಕೆಂಬ ಚೋಮನ ಆಸೆಗೆ ಕಾರಂತರು ಭಾಷಣವನ್ನು ಕಟ್ಟಿಕೊಡಲಿಲ್ಲ. ಮಾತು ನಿಲ್ಲುವ ಕಡೆ ದುಡಿಯನ್ನು ಅವನ ಕೈಗೆ ಕೊಟ್ಟರು. ಇಂದು ನಾವು ‘ಸಂಕೇತ’ ಎಂದು ದೊಡ್ಡ ಹೆಸರಿಟ್ಟು ಕರೆಯುವ ಆ ದುಡಿ, ಚೋಮನ ಗುಡಿಸಲಿನದೇ ಒಂದು ಸಾಮಾನು. ಆದುದರಿಂದಲೇ ಅದು ನಿಜವಾಗಿ ಕೇಳಿಸುತ್ತದೆ.

ನನ್ನ ನಿಜವಾದ ತಕರಾರು ಇರುವುದು ಇಲ್ಲಿ. ನಮ್ಮ ಎಷ್ಟೋ ಕತೆಗಳಲ್ಲಿ ಯಜಮಾನನ ಮಾತು ಪುಸ್ತಕದ ಕನ್ನಡದಲ್ಲಿ, ಆಳಿನ ಮಾತು ಮಾತ್ರ ಆಡುನುಡಿಯಲ್ಲಿ. ಬೆಂಗಳೂರಿನ ವಕೀಲರು ಕೂಡ ಮನೆಯಲ್ಲಿ ‘ಬರುತ್ತೇನೆ’ ಎನ್ನುವುದಿಲ್ಲ, ‘ಬರ್ತೀನಿ’ ಎನ್ನುತ್ತಾರೆ. ಅವರ ಉಚ್ಚಾರವನ್ನು ತಿದ್ದಿ ಬರೆದು, ತೋಟದ ಮಾಲಿಯ ಉಚ್ಚಾರವನ್ನು ಅಕ್ಷರ ಬಿಡದೆ ಹಾಗೆಯೇ ಇಳಿಸಿದರೆ, ಅದು ವಾಸ್ತವತೆಯೆನಿಸದು, ಪಂಕ್ತಿಭೇದವಾಗುತ್ತದೆ. ಒಬ್ಬನ ಮಾತಿನಲ್ಲಿ ನಾವು ಅರ್ಥವನ್ನು ಕೇಳುತ್ತೇವೆ, ಇನ್ನೊಬ್ಬನ ಮಾತಿನಲ್ಲಿ ಬರಿಯ ಸೊಗಡನ್ನು. ಓದುಗರು ನಗುತ್ತಾರೆ, ಮಾಲಿ ಹೇಳಿದ್ದು ಅವರ ಕಿವಿಗೆ ಬೀಳುವುದೇ ಇಲ್ಲ.

ದೇವನೂರ ಮಹಾದೇವ ಅವರು ‘ಕುಸುಮಬಾಲೆ’ಯಲ್ಲಿ ಈ ಗೋಡೆಯನ್ನೇ ಕೆಡವಿದರು. ಪಾತ್ರಗಳ ನುಡಿಯಲ್ಲೇ ನಿರೂಪಣೆಯೂ ನಡೆದಾಗ, ಮೇಲೆ ನಿಂತು ತಿದ್ದುವ ಕನ್ನಡವೊಂದು ಉಳಿಯಲಿಲ್ಲ. ಓದಲು ಕಷ್ಟವೆಂದು ಪಟ್ಟಣದವರು ಗೊಣಗಿದ್ದುಂಟು. ನಾನಾದರೋ ಆ ಕಷ್ಟವನ್ನು ನ್ಯಾಯವೆಂದೇ ಎಣಿಸುತ್ತೇನೆ. ಹಳ್ಳಿಯ ಹುಡುಗರು ನಮ್ಮ ಪುಸ್ತಕದ ಕನ್ನಡವನ್ನು ಇಷ್ಟೇ ಕಷ್ಟಪಟ್ಟು ಕಲಿತಿದ್ದಾರೆ. 1990ರಲ್ಲಿ ಆ ಕೃತಿಗೆ ಸಾಹಿತ್ಯ ಅಕಾಡೆಮಿಯ ಮನ್ನಣೆಯೂ ದೊರೆಯಿತು.

ಎಲ್ಲರೂ ಹಾಗೆಯೇ ಬರೆಯಬೇಕೆಂದು ನಾನು ಹೇಳುತ್ತಿಲ್ಲ. ಬರೆದ ಮೇಲೆ ಸಂಭಾಷಣೆಯನ್ನಷ್ಟೇ ಒಮ್ಮೆ ಗಟ್ಟಿಯಾಗಿ ಓದಿ ನೋಡಲಿ. ಆ ಮಾತನ್ನು ಆಡಿದವನು ಎದುರಿಗೆ ಕುಳಿತು ಕೇಳಿದರೆ, “ಹೌದು, ನಾನು ಅಂದದ್ದು ಇದೇ” ಎನ್ನುವನೇ? ಎನ್ನಲಾರನೆಂದು ತೋರಿದ ಕಡೆ ಉದ್ಧರಣ ಚಿಹ್ನೆಯನ್ನು ತೆಗೆದು, ಆ ಮಾತನ್ನು ಕತೆಗಾರರು ತಮ್ಮ ಹೆಸರಿನಲ್ಲಿಯೇ ಹೇಳುವುದು ಮರ್ಯಾದೆ.