ಕಿಟೆಲ್ ಕಲಿತರು, ನಾವು?

ಕೆಲಸ ಮುಗಿದ ಹೊತ್ತಿಗೂ ಜರ್ಮನ್ನರಲ್ಲಿ ಒಂದು ಹೆಸರಿದೆ: ಫೈಯರಾಬೆಂಡ್. ಭಾನುವಾರ ಅಂಗಡಿಗಳು ಬಂದ್, ಅವತ್ತು ಡ್ರಿಲ್ ಹಾಕಿದ್ರೆ ಪಕ್ಕದ ಮನೆಯವರ ತಕರಾರು. ದುಡಿಮೆಗೆ ಮಿತಿ ಇಟ್ಟ ಈ ಶಿಸ್ತು ಮೆಚ್ಚುವಂಥದ್ದೇ.

ನೀನು–ನೀವು ಅವರಲ್ಲೂ ಇದೆ: ಡು, ಝೀ. ಆದ್ರೆ ನೆರೆಯವರು ವರ್ಷಗಟ್ಟಲೆ ಝೀಯಲ್ಲೇ ಉಳಿದುಬಿಡಬಹುದು. ನಮ್ಮ ಹುಡಗಿಯಲ್ಲಿ ಹಾದಿಯಲ್ಲಿ ಸಿಕ್ಕವರೂ 'ಊಟ ಆಯ್ತೇನ್ರಿ?' ಅಂತಾರೆ. ಅಂಥದ್ದು ಅಲ್ಲಿ ಸಿಗಲ್ಲ.

ಅದಕ್ಕೇ 'ಜರ್ಮನ್ನರು ಬೆರೆಯೋದಿಲ್ಲ' ಅಂತ ನಮ್ಮವರು ದೂರ್ತಾರೆ. ಆಫೀಸಲ್ಲಿ ಇಂಗ್ಲಿಷ್ ಸಾಕು ಅಂತ ಜರ್ಮನ್ ಕಲಿಯದವರೂ ಅವರೇ, ಬೆಂಗಳೂರಲ್ಲಿ ಕನ್ನಡ ಕಲಿಯದವರನ್ನು ಬೈಯೋರೂ ಅವರೇ!

1853ರಲ್ಲಿ ನಮ್ಮ ನಾಡಿಗೆ ಬಂದ ಜರ್ಮನ್ ಪಾದ್ರಿ ಫರ್ಡಿನಾಂಡ್ ಕಿಟೆಲ್ 1894ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನೇ ಕೊಟ್ಟರು. ನಮ್ಮಿಂದ ನಿಘಂಟು ಬೇಡ. ಪಕ್ಕದ ಮನೆಯವರ ಜೊತೆ ನಾಲ್ಕು ಮಾತಾಡುವಷ್ಟು ಜರ್ಮನ್ ಕಲಿತು ಆಮೇಲೆ ದೂರೋಣ.