ಆಟಿಕೆಯ ರಾಶಿಗೆ ಆನಂದದ ಅಳತೆಗೋಲು ಸಾಕೆ?

ಮನೆಯನ್ನು ಅಚ್ಚುಕಟ್ಟಾಗಿಡುವ ವಿಧಾನವನ್ನು ಹೇಳುವ ಪುಸ್ತಕಗಳಲ್ಲಿ ಜಪಾನಿನ ಮರಿ ಕೊಂಡೊ ಅವರ ಕೃತಿಯಷ್ಟು ಪ್ರಚಾರ ಪಡೆದವು ವಿರಳ. 2014ರಲ್ಲಿ 'ದ ಲೈಫ್ ಚೇಂಜಿಂಗ್ ಮ್ಯಾಜಿಕ್ ಆಫ್ ಟೈಡಿಯಿಂಗ್ ಅಪ್' ಎಂಬ ಹೆಸರಿನಿಂದ ಇಂಗ್ಲಿಷಿನಲ್ಲಿ ಬಂದ ಈ ಪುಸ್ತಕ ಅನೇಕ ದೇಶಗಳ ಗೃಹಸ್ಥರಿಗೆ ಕೈಪಿಡಿಯಾಯಿತು. 2019ರಲ್ಲಿ ನೆಟ್‌ಫ್ಲಿಕ್ಸಿನ ಸರಣಿಯೊಂದರ ಮೂಲಕ ಅವರ ವಿಧಾನ ಇನ್ನಷ್ಟು ಮನೆಗಳನ್ನು ತಲುಪಿತು. ಬೇಡದ ವಸ್ತುಗಳನ್ನು ಬಿಡಬೇಕೆಂದು ಹೇಳುವ ಪುಸ್ತಕಕ್ಕೆ, ಪರಿಗ್ರಹ ಪರಿಮಾಣವನ್ನು ಅಣುವ್ರತವೆಂದು ಬಲ್ಲ ಮನೆಗಳಲ್ಲಿ ಸ್ವಾಗತ ದೊರೆಯುವುದು ಸಹಜ. ಆದರೆ ಅದರ ತತ್ತ್ವವನ್ನು ಮಕ್ಕಳ ಆಟಿಕೆಗಳಿಗೆ ಅನ್ವಯಿಸುವಾಗ ಸ್ವೀಕರಿಸಬೇಕಾದದ್ದೆಷ್ಟು, ತಿದ್ದಿಕೊಳ್ಳಬೇಕಾದದ್ದೆಷ್ಟು ಎಂಬ ವಿವೇಚನೆ ಅವಶ್ಯವಾಗಿದೆ.

ಮೊದಲು ಗುಣವನ್ನು ಹೇಳೋಣ. ಕೋಣೆಗಳನ್ನು ಒಂದೊಂದಾಗಿ ಶುಚಿಗೊಳಿಸದೆ, ಒಂದೇ ಜಾತಿಯ ವಸ್ತುಗಳನ್ನೆಲ್ಲ ಒಂದೆಡೆ ರಾಶಿ ಹಾಕಬೇಕೆಂಬುದು ಲೇಖಕಿಯ ಕ್ರಮ. ಮಂಚದ ಕೆಳಗೆ, ಅಟ್ಟದ ಮೇಲೆ, ಕಪಾಟಿನ ಸಂದಿಯಲ್ಲಿ ಹಂಚಿಹೋದ ಆಟಿಕೆಗಳನ್ನು ಹೀಗೆ ಒಟ್ಟುಗೂಡಿಸಿದಾಗ ಸಂಗ್ರಹದ ಪ್ರಮಾಣ ಕಣ್ಣಿಗೆ ಕಾಣುತ್ತದೆ. ಬಿಡುವ ವಸ್ತುವಿಗೂ ಕೃತಜ್ಞತೆ ಸಲ್ಲಿಸಬೇಕೆಂಬ ಅವರ ಮಾತಿನಲ್ಲಿ ವಸ್ತುವನ್ನು ತಿರಸ್ಕರಿಸದ ಸೌಜನ್ಯವಿದೆ. ಇಷ್ಟನ್ನು ಯಾವ ಮನೆಯೂ ನಿಸ್ಸಂಕೋಚವಾಗಿ ಸ್ವೀಕರಿಸಬಹುದು.

ತೊಡಕಿರುವುದು ಅವರ ಅಳತೆಗೋಲಿನಲ್ಲಿ. ವಸ್ತುವನ್ನು ಕೈಯಲ್ಲಿ ಹಿಡಿದಾಗ ಮನಸ್ಸಿನಲ್ಲಿ ಆನಂದ ಮಿಡಿದರೆ ಉಳಿಸಿಕೊಳ್ಳಿ, ಇಲ್ಲವಾದರೆ ಬಿಡಿ ಎಂಬುದು ಅವರ ಸೂತ್ರದ ಸಾರ. ಮೂರು ವರ್ಷದ ಮಗುವಿಗೆ ಕೈಗೆ ಸಿಕ್ಕಿದ್ದೆಲ್ಲ ಆನಂದವೇ. ಮುರಿದ ಚಕ್ರವೂ ಆನಂದ, ಖಾಲಿ ರಟ್ಟಿನ ಪೆಟ್ಟಿಗೆಯೂ ಆನಂದ. ಅಲ್ಲದೆ, ಉಮಾಸ್ವಾತಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಪರಿಗ್ರಹವನ್ನು ಗುರುತಿಸುವುದು ವಸ್ತುವಿನ ಎಣಿಕೆಯಿಂದಲ್ಲ, ಮಮತ್ವದ ಮೂರ್ಛೆಯಿಂದ. ಹಾಗಿರುವಾಗ ಮಮತೆಯನ್ನೇ ಉಳಿಸಿಕೊಳ್ಳುವುದಕ್ಕೆ ಪ್ರಮಾಣವಾಗಿ ಇಟ್ಟುಕೊಂಡ ವಿಧಾನದಿಂದ ಮನೆ ಖಾಲಿಯಾದೀತು, ಮೋಹ ಖಾಲಿಯಾಗದು.

ಇದಕ್ಕಿಂತ ಗಂಭೀರವಾದ ಪ್ರಶ್ನೆ, ಆಟಿಕೆ ಯಾರದು ಎಂಬುದು. ಮಗು ನಿದ್ರಿಸಿದ ಮೇಲೆ ಹಳೆಯ ಗೊಂಬೆಗಳನ್ನು ಚೀಲಕ್ಕೆ ತುಂಬಿ ಸಾಗಿಸುವ ಪದ್ಧತಿ ಅನೇಕ ಮನೆಗಳಲ್ಲಿದೆ. ತಂದೆತಾಯಿಗಳು ಇದನ್ನು ಜಾಣತನವೆಂದು ಭಾವಿಸುತ್ತಾರೆ. ಆದರೆ ಹುಟ್ಟುಹಬ್ಬದ ದಿನ 'ಇದು ನಿನ್ನದು' ಎಂದು ಹೇಳಿ ಕೊಟ್ಟ ವಸ್ತುವನ್ನು ಕೇಳದೆ ತೆಗೆದುಕೊಂಡರೆ ಅದಕ್ಕೆ ಯಾವ ಹೆಸರು? ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದೇ ಅದತ್ತಾದಾನ. ತೆಗೆದವರು ಹಿರಿಯರು, ಕಳೆದುಕೊಂಡವರು ಕಿರಿಯರು ಎಂಬ ಮಾತ್ರಕ್ಕೆ ಅದರ ಸ್ವರೂಪ ಬದಲಾಗದು. ಮರುದಿನ ಮಗು ಹುಡುಕುತ್ತದೆ, 'ಎಲ್ಲಿ ಹೋಯಿತು?' ಎಂದು ಕೇಳುತ್ತದೆ. ಆಗ ಒಂದು ಸುಳ್ಳೂ ಸೇರಿಕೊಳ್ಳುತ್ತದೆ. ಮನೆ ಸ್ವಚ್ಛವಾಯಿತು, ವಿಶ್ವಾಸ ಮಲಿನವಾಯಿತು. ಒಬ್ಬರ ಪರವಾಗಿ ಇನ್ನೊಬ್ಬರು ಉಪವಾಸ ಮಾಡಲಾಗದಂತೆ, ಮಗುವಿನ ಪರವಾಗಿ ಹಿರಿಯರು ತ್ಯಾಗ ಮಾಡಲೂ ಆಗದು. ಈ ವಿಷಯದಲ್ಲಿ ಕೊಂಡೊ ಅವರ ಬೋಧನೆಯನ್ನು ದೂರುವಂತಿಲ್ಲ. ಇತರರ ವಸ್ತುಗಳನ್ನು ಅವರಿಗೆ ತಿಳಿಯದಂತೆ ಎಸೆಯಬಾರದೆಂದು ಅವರೂ ಎಚ್ಚರಿಸಿದ್ದಾರೆ. ಓದುಗರು ಆ ಎಚ್ಚರಿಕೆಯನ್ನು ಬಿಟ್ಟು, ಎಸೆಯುವ ಉತ್ಸಾಹವನ್ನಷ್ಟೇ ಎತ್ತಿಕೊಂಡಂತೆ ತೋರುತ್ತದೆ.

ಕೃತಿಯ ನಿಜವಾದ ಕೊರತೆ ಬೇರೆಡೆ ಇದೆ. ವಸ್ತು ಮನೆಯಿಂದ ಹೊರಹೋಗುವ ಬಾಗಿಲನ್ನು ಅದು ವಿಸ್ತಾರವಾಗಿ ತೋರಿಸುತ್ತದೆ. ಒಳಬರುವ ಬಾಗಿಲಿನ ಬಗ್ಗೆ ಅದರ ಮಾತು ಕಡಿಮೆ. ಈ ಕೊರತೆಯನ್ನು ತುಂಬುವ ಗ್ರಂಥವೊಂದು 2012ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. 'ಲೈಫ್ ಅಟ್ ಹೋಮ್ ಇನ್ ದ ಟ್ವೆಂಟಿ ಫಸ್ಟ್ ಸೆಂಚುರಿ' ಎಂಬ ಆ ಗ್ರಂಥ ಲಾಸ್ ಏಂಜಲಿಸ್ ಪ್ರದೇಶದ 32 ಮಧ್ಯಮ ವರ್ಗದ ಕುಟುಂಬಗಳ ಮನೆಯೊಳಗಿನ ವಸ್ತುಗಳನ್ನು ಪುರಾತತ್ತ್ವಜ್ಞರ ಕಣ್ಣಿನಿಂದ ಪರಿಶೀಲಿಸಿದೆ. ಪ್ರಪಂಚದ ಮಕ್ಕಳಲ್ಲಿ ನೂರಕ್ಕೆ ಸುಮಾರು 3ರಷ್ಟು ಮಾತ್ರ ಇರುವ ಆ ದೇಶ, ಪ್ರಪಂಚದ ಆಟಿಕೆಗಳಲ್ಲಿ ನೂರಕ್ಕೆ 40ರಷ್ಟನ್ನು ಕೊಳ್ಳುತ್ತದೆಂದು ಅದರ ಲೇಖಕರು ಹೇಳುತ್ತಾರೆ. ಕಾರಿಗೆಂದು ಕಟ್ಟಿದ ಶೆಡ್ಡುಗಳಲ್ಲಿ ಹೆಚ್ಚಿನವು ಸಾಮಾನಿನಿಂದ ತುಂಬಿ ಕಾರು ಬೀದಿಯಲ್ಲಿ ನಿಂತ ಸಂಗತಿಯೂ ಅಲ್ಲಿದೆ. ಅದು ದೂರದ ದೇಶದ ಕಥೆಯೆಂದು ನಾವು ನಿಶ್ಚಿಂತರಾಗುವಂತಿಲ್ಲ. ಹುಟ್ಟುಹಬ್ಬಕ್ಕೆ ಬಂದ ಪ್ರತಿ ಮಗುವಿಗೂ ಮರಳಿ ಒಂದು ಉಡುಗೊರೆ ಕೊಡುವ ರೂಢಿ ನಮ್ಮ ನಗರಗಳಲ್ಲಿ ಬೇರೂರಿದೆ. ಇಪ್ಪತ್ತು ಮಕ್ಕಳು ಸೇರಿದರೆ ಇಪ್ಪತ್ತು ವಸ್ತುಗಳು ಒಳಗೆ, ಇಪ್ಪತ್ತು ವಸ್ತುಗಳು ಹೊರಗೆ.

ಆಟಿಕೆ ಕಡಿಮೆಯಾದರೆ ಮಗು ಬಡವಾಗುತ್ತದೆಯೆ? 2018ರಲ್ಲಿ ಪ್ರಕಟವಾದ, ಅಮೆರಿಕದ ಟೊಲೆಡೊ ವಿಶ್ವವಿದ್ಯಾಲಯದವರು 36 ಪುಟ್ಟ ಮಕ್ಕಳನ್ನು ಕುರಿತು ನಡೆಸಿದ ಅಧ್ಯಯನದಲ್ಲಿ, 16 ಆಟಿಕೆಗಳ ನಡುವೆ ಇದ್ದಾಗಿಗಿಂತ 4 ಆಟಿಕೆಗಳಿದ್ದಾಗ ಮಕ್ಕಳು ಒಂದೊಂದರೊಡನೆ ಹೆಚ್ಚು ಹೊತ್ತು, ಹೆಚ್ಚು ಬಗೆಯಲ್ಲಿ ಆಡಿದರು. ಚಿಕ್ಕ ಅಧ್ಯಯನವಾದರೂ ಅಜ್ಜಿಯರ ಅನುಭವಕ್ಕೆ ಇದು ವಿರೋಧವಾಗಿಲ್ಲ. ಹುಣಸೆಬೀಜ ಮತ್ತು ಅಳಗುಳಿಮಣೆ, ನಾಲ್ಕು ಕವಡೆ ಮತ್ತು ಸೀಮೆಸುಣ್ಣದಲ್ಲಿ ಬರೆದ ಚೌಕಾಬಾರದ ಮನೆ ಇವಿಷ್ಟರಿಂದಲೇ ಒಂದು ಬೇಸಿಗೆ ರಜೆ ಕಳೆಯುತ್ತಿತ್ತು.

ನಮ್ಮ ನಾಡಿನಲ್ಲಿಯೇ ಇನ್ನೊಂದು ಪಾಠವಿದೆ. ಮೈಸೂರು ಸೀಮೆಯ ಮನೆಗಳಲ್ಲಿ ನವರಾತ್ರಿಗೆ ಕೂರಿಸುವ ಗೊಂಬೆಗಳು ವರ್ಷವೆಲ್ಲ ಬಟ್ಟೆ ಸುತ್ತಿಕೊಂಡು ಪೆಟ್ಟಿಗೆಯಲ್ಲಿರುತ್ತವೆ. ಕೆಲವೇ ದಿನ ಹೊರಬರುವುದರಿಂದಲೇ ಅವು ತಲೆಮಾರುಗಳಿಂದಲೂ ಹೊಸದಾಗಿ ಕಾಣುತ್ತವೆ. ಆಟಿಕೆಗಳಿಗೂ ಈ ಕ್ರಮ ಸಲ್ಲುತ್ತದೆ. ಒಂದು ಬುಟ್ಟಿಯಷ್ಟು ಹೊರಗಿರಲಿ, ಉಳಿದವು ಟ್ರಂಕಿನಲ್ಲಿರಲಿ. ತಿಂಗಳಿಗೊಮ್ಮೆ ಮಗುವೇ ಅದಲುಬದಲು ಮಾಡಲಿ. ಬುಟ್ಟಿಯ ಅಳತೆ ಹಿರಿಯರದು, ಅದರೊಳಗಿನ ಆಯ್ಕೆ ಮಗುವಿನದು. ಮಿತಿಯನ್ನು ತಾನೇ ಪಾಲಿಸುವ ಮೊದಲ ಅಭ್ಯಾಸ ಮಗುವಿಗೆ ಆಗುವುದು ಇಲ್ಲಿಯೇ.

ಕೊಡುವಾಗಲೂ ವಿವೇಕ ಬೇಕು. ಮುರಿದದ್ದನ್ನು ಕೊಡುವುದು ದಾನವಲ್ಲ, ಕಸದ ಸ್ಥಳಾಂತರ. ಮೂರು ವರ್ಷದೊಳಗಿನ ಮಕ್ಕಳಿಗೆ ಗಂಟಲಲ್ಲಿ ಸಿಕ್ಕುವಂಥ ಸಣ್ಣ ಬಿಡಿಭಾಗಗಳಿರುವ ಆಟಿಕೆ ಸಲ್ಲದು. ಭಾರತದಲ್ಲಿ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾದದ್ದು 2021ರ ಜನವರಿಯಿಂದ. ಅದಕ್ಕೂ ಹಳೆಯವನ್ನು, ಅದರಲ್ಲೂ ಬಣ್ಣ ಏಳುತ್ತಿರುವವನ್ನು, ಇತರರ ಮಕ್ಕಳ ಕೈಗೆ ಕೊಡುವ ಮುನ್ನ ಎರಡು ಸಲ ಯೋಚಿಸಬೇಕು. ಬಸದಿಯ ಸಮಿತಿಗಳು ಪಾಠಶಾಲೆಯ ಬಹುಮಾನಕ್ಕೆ ಪ್ಲಾಸ್ಟಿಕ್ ಆಟಿಕೆಗಳನ್ನು ಸಗಟಾಗಿ ಕೊಳ್ಳುವ ಬದಲು, ಮಕ್ಕಳು ಎರವಲು ಒಯ್ದು ಮರಳಿಸುವಂಥ ಆಟಿಕೆಗಳ ಒಂದು ಕಪಾಟನ್ನು ಇಡಬಹುದು. ತನ್ನದಲ್ಲದ್ದನ್ನೂ ಜೋಪಾನವಾಗಿ ಬಳಸಿ ಹಿಂದಿರುಗಿಸುವ ಶಿಕ್ಷಣ ಯಾವ ಬಹುಮಾನಕ್ಕೂ ಕಡಿಮೆಯಲ್ಲ.

ಮೂರನೆಯ ಮಗುವಿನ ನಂತರ ತಮ್ಮ ಮನೆಯಲ್ಲಿ ಅಚ್ಚುಕಟ್ಟುತನದ ಹಟವನ್ನು ಬಹುಮಟ್ಟಿಗೆ ಬಿಟ್ಟಿರುವುದಾಗಿ ಕೊಂಡೊ ಅವರೇ 2023ರಲ್ಲಿ ಹೇಳಿದರು. ಕೆಲವರು ಇದನ್ನು ಕೇಳಿ ನಕ್ಕರು. ನಗಬೇಕಾದ ಕಾರಣವಿಲ್ಲ, ಪುಸ್ತಕಕ್ಕಿಂತ ಆ ಮಾತೇ ಹೆಚ್ಚು ಪಕ್ವವಾಗಿದೆ. ಮಕ್ಕಳಿರುವ ಮನೆಯ ನೆಲದ ಮೇಲೆ ಸಂಜೆಯ ಹೊತ್ತು ನಾಲ್ಕು ಆಟಿಕೆ ಬಿದ್ದಿದ್ದರೆ ದೋಷವಿಲ್ಲ. ಅವನ್ನು ಎತ್ತಿಡಲು ಮಗುವಿಗೆ ಕಲಿಸಿದ್ದೇವೆಯೆ, ಐದನೆಯದನ್ನು ಕೊಳ್ಳುವ ಮುನ್ನ ನಾವು ತಡೆದು ನಿಂತೆವೆಯೆ ಎಂಬುದನ್ನು ಗೃಹಸ್ಥರು ತಮ್ಮನ್ನು ತಾವೇ ಕೇಳಿಕೊಳ್ಳತಕ್ಕದ್ದು.